ತಿಗಣೆಗೆ ಇಬ್ಬರು ಬೇಕು

ಮನೆಯಿಂದ, ಅಡುಗೆಮನೆಯ ಮೇಜು
ಡಿಸೆಂಬರ್ ೯, ಭಾನುವಾರ ಮಧ್ಯಾಹ್ನ

ನನ್ನ ಕೆಮ್ಮುರಾಣಿಗೆ,

ಮೊದಲು ನಿನ್ನ ಕೈ ಹೇಗಿದೆ ಹೇಳು. ದದ್ದು ಇಳಿಯಿತೇ, ಇಲ್ಲ ಕೆರೆದು ಕೆರೆದು ಗಾಯ ಮಾಡಿಕೊಂಡಿದ್ದೀಯಾ? ಕೆರೆಯಬೇಡ, ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಇಡು. ನೀನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಕಣ್ಣು ತೋರಿಸಲು ಬಂದವರೆಲ್ಲ ನಿನ್ನ ಕೈಯನ್ನೇ ನೋಡುತ್ತಾರೆ ಎಂದು ಬರೆದಿದ್ದೀಯಲ್ಲ, ನೋಡಲಿ ಬಿಡು. ಅಷ್ಟು ಸಣ್ಣ ಗುಳ್ಳೆ ಕಾಣುವವರಿಗೆ ಕನ್ನಡಕವೇ ಬೇಡ ಎಂದು ಹೇಳಿ ಕಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ನಿಂತುಕೊಂಡೇ ತಿನ್ನುವ ಕೆಟ್ಟ ಚಾಳಿ ನಿನಗಿದೆ, ಹೇಳುವವರು ಯಾರೂ ಇಲ್ಲದ ಕಡೆ ಅದು ಹೆಚ್ಚೇ ಆಗಿರುತ್ತದೆ. ನನ್ನ ಮಂಡಿ ಚಳಿಗೆ ಎಂದಿನಂತೆ ಹಟ ಹಿಡಿದಿದೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕು. ಉಳಿದಂತೆ ಗಟ್ಟಿಯಾಗಿದ್ದೇನೆ.

ನೀನು ಮನೆ ಬಿಟ್ಟು ಹೋದ ಮೇಲೆ ಬಂದ ಮೊದಲ ಕಾಗದ ಇದು. ಅದೂ ನಾಲ್ಕೇ ಸಾಲು. ನನ್ನ ಮಗನ ಬಗ್ಗೆ ಒಂದು ಮಾತಿಲ್ಲ, ಮನೆಯ ಬಗ್ಗೆ ಇಲ್ಲ. "ಅತ್ತೆ, ಬಾಡಿಗೆ ರೂಮಲ್ಲಿ ತಿಗಣೆ ಕಾಟ, ಏನು ಮಾಡಬೇಕು?" ಕೈಯ ದದ್ದಿನ ಮಾತು ಬಿಟ್ಟರೆ ಅಷ್ಟೇ. ಓದಿ ಮೊದಲು ಸಿಟ್ಟು ಬಂತು. ಇದನ್ನು ಕೇಳಲು ನಾನೇ ಬೇಕಿತ್ತೇ, ಪಕ್ಕದ ರೂಮಿನವರು ಹೇಳುವುದಿಲ್ಲವೇ, ಕೈಯಲ್ಲಿ ಫೋನಿಲ್ಲವೇ ಎಂದುಕೊಂಡೆ. ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಹೌದು, ಯಾರನ್ನು ಬೇಕಾದರೂ ಕೇಳಬಹುದಿತ್ತು. ನನ್ನನ್ನು ಕೇಳಿದ್ದೀಯ. ಕೈ ಒರೆಸಿಕೊಂಡು ಬಂದು ಇನ್ನೊಮ್ಮೆ ಓದಿದೆ.

ತಿಗಣೆಯ ವಿಷಯಕ್ಕೆ ಬರುತ್ತೇನೆ. ನಾಚಿಕೆ ಬೇಡ, ಎಷ್ಟೇ ಶುಚಿಯಾಗಿರುವ ಮನೆಗೂ ಅವು ಬರುತ್ತವೆ. ಹೆದರಿ ಹಾಸಿಗೆಯನ್ನು ಬೇರೆ ಕಡೆಗೆ ಎಳೆದುಕೊಂಡು ಹೋಗಬೇಡ, ನೀನು ಹೋದಲ್ಲಿಗೆ ಅವೂ ಗಂಟುಮೂಟೆ ಕಟ್ಟಿಕೊಂಡು ಬರುತ್ತವೆ. ಮಂಚವನ್ನು ಗೋಡೆಯಿಂದ ಈಚೆಗೆ ಎಳೆದು ಅದರ ಕಾಲುಗಳನ್ನು ನೀರು ತುಂಬಿದ ಡಬ್ಬಿಗಳಲ್ಲಿಡು. ಹೊದಿಕೆ ನೆಲ ಮುಟ್ಟಬಾರದು, ಮುಟ್ಟಿದರೆ ಡಬ್ಬಿ ಇಟ್ಟದ್ದು ದಂಡ. ಹಾಸಿಗೆಯ ಹೊಲಿಗೆಯುದ್ದಕ್ಕೂ ಪೆನ್ನಿನ ತುದಿ ಕುಟ್ಟಿದ ಹಾಗೆ ಕಪ್ಪು ಚುಕ್ಕೆಗಳು ಕಾಣುತ್ತವೆ, ಅದೇ ಅವುಗಳ ವಿಳಾಸ. ಹೊದಿಕೆ, ದಿಂಬಿನ ಚೀಲ, ಉಟ್ಟ ಬಟ್ಟೆ ಎಲ್ಲವೂ ಕುದಿಯುವ ನೀರಿಗೆ. ಮಂಚದ ಸಂದುಗಳಿಗೂ ಕುದಿನೀರು ಹೊಯ್ದು, ಒಣಗಿದ ಮೇಲೆ ಮೇಣದಬತ್ತಿ ಕರಗಿಸಿ ಮುಚ್ಚು. ಒಂದು ಸಲಕ್ಕೇ ಗೆದ್ದೆ ಎಂದು ಕುಣಿಯಬೇಡ, ಮೊಟ್ಟೆಗಳು ಉಳಿದಿರುತ್ತವೆ. ವಾರ ಬಿಟ್ಟು ಮತ್ತೆ ಮಾಡಬೇಕು, ಇನ್ನೊಂದು ವಾರ ಬಿಟ್ಟು ಮತ್ತೆ. ಹೊಗೆ ಹಾಕುವ ಔಷಧಿಯನ್ನಂತೂ ತರಲೇಬೇಡ. ಅಷ್ಟು ಚಿಕ್ಕ ರೂಮಿನಲ್ಲಿ ತಿಗಣೆಗಿಂತ ಮೊದಲು ನೀನು ಬೀಳುತ್ತೀಯ.

ಕೇಳಿದ್ದಕ್ಕೆ ಉತ್ತರ ಮುಗಿಯಿತು, ಕಾಗದ ಇನ್ನೂ ಖಾಲಿ ಇದೆ. ಇಲ್ಲಿನ ಸುದ್ದಿ ಎಂದರೂ ಹುಳುಹುಪ್ಪಟೆಯ ಸುದ್ದಿಯೇ. ಬೇಸಿಗೆಯಲ್ಲಿ ಇನ್ನೂ ನೀನಿದ್ದೆ. ನೆನಪಿದೆಯಾ, ಇರುವೆ ಸಾಲು ಹಿಡಿದಾಗ ನಾನು ಮುಂದೆ ಬಗ್ಗಿಕೊಂಡು, ನೀನು ಸೋಪುನೀರಿನ ಬಟ್ಟೆ ಹಿಡಿದು ಹಿಂದೆ, ಇಬ್ಬರೂ ಪೊಲೀಸರ ಗತ್ತಿನಲ್ಲಿ ಸಾಲು ಹಿಡಿದು ಹೊರಟೆವಲ್ಲ? ಅದು ಹೋಗಿ ನಿಂತದ್ದು ನಿನ್ನ ಗಂಡನ ಶರ್ಟಿನ ಜೇಬಿನಲ್ಲಿ, ಒಳಗೆ ಅರ್ಧ ಚೀಪಿದ ಪೆಪ್ಪರಮಿಂಟು! ಅಷ್ಟು ವಯಸ್ಸಿನ ಗಂಡಸು, ಬಣ್ಣದ ಅಂಗಡಿಯಲ್ಲಿ ನಾಲ್ಕು ಜನರ ಮೇಲೆ ಯಜಮಾನಿಕೆ ಮಾಡುವವನು. ನಾವು ನೆಲದ ಮೇಲೆ ಕೂತು ನಕ್ಕದ್ದು ಕೇಳಿ ಅವನು ಬಾಗಿಲಿಗೆ ಬಂದ. "ಏನಮ್ಮಾ?" ಎಂದು ನನ್ನನ್ನು ಕೇಳಿದ, ನಿನ್ನ ಕಡೆ ನೋಡಲಿಲ್ಲ. ನಿನ್ನ ನಗು ಅಲ್ಲಿಗೇ ನಿಂತಿತು. ಆಗಲೇ ಅವನು ನಿನ್ನೊಂದಿಗೆ ಮಾತು ಬಿಟ್ಟು ಎಷ್ಟು ಕಾಲವಾಗಿತ್ತೋ. "ಅಮ್ಮಾ, ಉಪ್ಪು ಕೊಡೋಕೆ ಹೇಳು" ಎನ್ನುತ್ತಿದ್ದ, ಉಪ್ಪು ನಿನ್ನ ಮೊಣಕೈ ಪಕ್ಕದಲ್ಲಿದ್ದಾಗಲೂ. ಜಗಳವಾಡುವ ಗಂಡನ ಜೊತೆ ಬಾಳಬಹುದು, ಗೋಡೆಯ ಜೊತೆ ಹೇಗೆ? ಮಳೆ ಶುರುವಾದ ವಾರ ನೀನು ಒಂದು ಚೀಲ ಹಿಡಿದು ಹೊರಟಾಗ ನಾನು ತಡೆಯಲಿಲ್ಲ. ಈಗಲೂ ನಿನ್ನದು ತಪ್ಪೆಂದು ನನಗನ್ನಿಸುವುದಿಲ್ಲ.

ನೀನು ಹೋದ ವಾರವೇ ದೀಪಕ್ಕೆ ರೆಕ್ಕೆಹುಳ ಮುತ್ತಿದವು. ದೀಪದ ಕೆಳಗೆ ನೀರಿನ ಬೋಗುಣಿ ಇಟ್ಟೆ, ಬೆಳಿಗ್ಗೆ ಚೆಲ್ಲಿದೆ. ಒಬ್ಬಳೇ ಚೆಲ್ಲುವಾಗ ಆ ಬೋಗುಣಿ ಎಷ್ಟು ಭಾರ ಅಂತೀಯ! ಆಮೇಲೆ ನಿನ್ನ ಗಂಡ ಒಂದು ಕೆಲಸ ಮಾಡಿದ. ಮೂರು ವರ್ಷ ನೀನು ಕೇಳಿ ಕೇಳಿ ಸಾಕಾಗಿದ್ದ ಕಿಟಕಿಯ ಜಾಲರಿ ಇತ್ತಲ್ಲ, ಅದನ್ನು ತಂದು ತಾನೇ ಹೊಡೆದ. ಮುಂದಿನ ಭಾನುವಾರ ಸಿಂಕಿನ ಕೆಳಗಿನ ಇಲಿಬಿಲಕ್ಕೆ ಗಾಜಿನ ಚೂರು ಬೆರೆಸಿದ ಸಿಮೆಂಟು ಮೆತ್ತಿದ. ಬಾಗಿಲ ಕೆಳಗಿನ ಸಂದಿಗೆ ರಬ್ಬರು ಪಟ್ಟಿ ಅಂಟಿಸಿದ. ಈಗ ಈ ಮನೆಯೊಳಗೆ ಒಂದು ಸೊಳ್ಳೆ ಬರುವುದಿಲ್ಲ. ಯಾರೂ ಬರುವುದಿಲ್ಲ.

ಬಂದದ್ದು ನುಸಿ ಮಾತ್ರ, ಅದೂ ನನ್ನಿಂದಲೇ. ಕೈ ರೂಢಿಯಲ್ಲಿ ಮೂರು ಜನಕ್ಕಾಗುವಷ್ಟೇ ಅಕ್ಕಿ ತರಿಸುತ್ತಾ ಹೋದೆ. ತಿನ್ನುವವರು ಇಬ್ಬರು, ಅದರಲ್ಲಿ ಒಬ್ಬನಿಗೆ ತಟ್ಟೆಯಲ್ಲಿ ಏನಿದೆಯೆಂದೇ ಗೊತ್ತಿರುವುದಿಲ್ಲ. ಚಳಿ ಶುರುವಾಗಿ ಡಬ್ಬಿಯ ತಳ ನೋಡಿದರೆ ಅಕ್ಕಿಯೇ ಎದ್ದು ಓಡಾಡುತ್ತಿದೆ. ಬಿಸಿಲಿಗೆ ಹರವಿ, ಮೊರದಲ್ಲಿ ಕೇರಿ, ಡಬ್ಬಿಯನ್ನು ಒಣಗಿಸಿ ಒಣಮೆಣಸಿನಕಾಯಿ ಹಾಕಿಟ್ಟೆ. ಮೊರ ಹಿಡಿದು ಕೂತಾಗ ಅಳು ಬಂತು. ಮೆಣಸಿನಕಾಯಿ ಘಾಟು ಎಂದು ಪಕ್ಕದ ಮನೆಯವಳಿಗೆ ಹೇಳಿದೆ, ನಿನಗೆ ಸುಳ್ಳು ಹೇಳುವುದಿಲ್ಲ. ಇಡೀ ದಿನ ಮಾತಾಡಲು ಯಾರೂ ಇಲ್ಲದೆ ನನ್ನ ನಾಲಿಗೆಗೂ ನುಸಿ ಬಿದ್ದಂತಾಗಿದೆ. ಮೊದಲು ನಿಮ್ಮಿಬ್ಬರ ನಡುವೆ ಮಾತು ಸಾಗಿಸುವ ಕೆಲಸವಾದರೂ ಇತ್ತು.

ನಿನಗೆ ಕೆಮ್ಮುರಾಣಿ ಎಂದು ಹೆಸರಿಟ್ಟದ್ದು ಇವತ್ತು ಬೆಳಿಗ್ಗೆಯೂ ನೆನಪಾಯಿತು. ಮದುವೆಯಾಗಿ ಬಂದ ಹೊಸತು, ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು ದಿನಾ ಎರಡೆರಡು ಸಲ ಕೆಮ್ಮುತ್ತಿದ್ದೆ. ಅಯ್ಯೋ, ಎದೆಯ ಕಾಯಿಲೆಯ ಹುಡುಗಿಯನ್ನು ನಮ್ಮ ತಲೆಗೆ ಕಟ್ಟಿದರಲ್ಲ ಎಂದು ನಾನು ಒಳಗೊಳಗೇ ಕುದಿದು, ನಿನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಎಕ್ಸ್‌ರೇ ತೆಗೆಸಿ, ಏನೂ ಇಲ್ಲ ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು. ದಾರಿಯಲ್ಲಿ ಬರುವಾಗ ನೀನು ತಲೆ ತಗ್ಗಿಸಿ ಹೇಳಿದೆ: "ನಂಗೇನೂ ಕಾಯಿಲೆ ಇಲ್ಲ ಅತ್ತೆ. ಲೈಟ್ ಹಾಕೋ ಮುಂಚೆ ಕೆಮ್ಮಿದ್ರೆ ಜಿರಲೆಗಳು ಓಡಿ ಹೋಗ್ತಾವೆ. ಕಂಡ್ರೆ ನೀವು ಚಪ್ಪಲೀಲಿ ಹೊಡೀತೀರಲ್ಲ, ಪಾಪ." ನಡುಬೀದಿಯಲ್ಲಿ ನಿಂತು ನಾನು ನಕ್ಕ ನಗು! ನನ್ನ ಮನೆಯ ಜಿರಲೆಗಳು ಯಾಕೆ ಕಡಿಮೆಯಾಗುವುದಿಲ್ಲ ಎಂದು ಅವತ್ತು ತಿಳಿಯಿತು.

ಈಗ ನನಗೂ ಆ ಚಟ ಅಂಟಿದೆ. ಅಡುಗೆಮನೆಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿ, ಒಂದು ಕ್ಷಣ ತಡೆದು ಲೈಟ್ ಹಾಕುತ್ತೇನೆ. ಕೆಮ್ಮದೆ ಒಳಗೆ ಹೋದರೆ ಮನೆ ತೀರಾ ಬಿಕೋ ಅನ್ನಿಸುತ್ತದೆ. ಹೋದ ತಿಂಗಳು ಒಂದು ಬೆಳಿಗ್ಗೆ, ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ, ಹಾಗೆ ಕೆಮ್ಮಿದೆ ನೋಡು, ನಿನ್ನ ಗಂಡ ರೂಮಿನಿಂದ ಬರಿಗಾಲಲ್ಲಿ ಓಡಿ ಬಂದ. ಬಾಗಿಲ ಚೌಕಟ್ಟು ಹಿಡಿದು ನಿಂತ. ಲೈಟ್ ಹತ್ತಿತು. "ನೀನಾ" ಎಂದ. ಅಷ್ಟೇ ಅಂದು ತಿರುಗಿ ಹೋಗಿ ಬಾಗಿಲು ಹಾಕಿಕೊಂಡ. ಆ ದಿನ ಅಂಗಡಿಗೆ ಹೋಗಲಿಲ್ಲ. ಇದನ್ನು ಬರೆಯಬಾರದೆಂದೇ ಕೂತಿದ್ದೆ, ಪೆನ್ನು ಕೇಳಲಿಲ್ಲ. ನಿನ್ನ ಮನಸ್ಸು ತಿರುಗಿಸಲು ಬರೆದದ್ದಲ್ಲ. ಬರಿಗಾಲಲ್ಲಿ ಓಡಿ ಬಂದವನು ಬಸ್ಸು ಹತ್ತಿ ಬರಬಹುದಿತ್ತು, ಬಂದಿಲ್ಲ. ಬಾಯಿ ಬಿಡಬೇಕಾದವನು ಅವನು, ಅವನ ಪರವಾಗಿ ಇನ್ನು ನಾನು ಮಾತು ಸಾಗಿಸುವುದಿಲ್ಲ.

ನಿನ್ನ ಕಾಗದ ಬಂದದ್ದನ್ನು ಅವನಿಗೆ ಹೇಳಿದೆ. "ಇನ್ನು ನಿಂಗೂ ಅವಳಿಗೂ ಏನು ಸಂಬಂಧ ಅಮ್ಮಾ" ಎಂದ. ಅದಕ್ಕೆ ಉತ್ತರ ಹೇಳಬೇಕಾದವಳು ನೀನು, ಅವನಲ್ಲ.

ಚೆನ್ನಾಗಿ ಉಣ್ಣು, ಬೆಚ್ಚಗಿರು, ಕೈ ಕೆರೆಯಬೇಡ. ನಿನಗೆ ನೂರು ಕಾಲ ಆಯಸ್ಸು, ನಿನ್ನ ತಿಗಣೆಗಳಿಗೆ ಒಂದು ವಾರವೂ ಬೇಡ.

ಇಂತಿ,
ನಿನ್ನ ಅತ್ತೆ
(ಹಾಗೆ ಕರೆದು ಬರೆದವಳು ನೀನೇ, ಇನ್ನು ವಾಪಸು ಕೊಡುವುದಿಲ್ಲ)

ಮರೆತಿದ್ದೆ: ತಿಗಣೆ ತೆಗೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಮಂಚ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಅಡಿಯಲ್ಲಿ ನೋಡಬೇಕು. ಬರುವ ಶನಿವಾರದ ಬಸ್ಸಿಗೆ ಹೊರಟಿದ್ದೇನೆ, ಕತ್ತಲಾಗುವ ಹೊತ್ತಿಗೆ ಮಹಡಿಯ ಮೇಲಿನ ನಿನ್ನ ರೂಮಿನ ಬಾಗಿಲಲ್ಲಿರುತ್ತೇನೆ. ನಿನ್ನನ್ನು ವಾಪಸು ಕರೆಯಲು ಬರುತ್ತಿಲ್ಲ, ಆಣೆ. ಬಾಗಿಲು ತಟ್ಟುವುದಿಲ್ಲ, ಹೊರಗೆ ನಿಂತು ಎರಡು ಸಲ ಕೆಮ್ಮುತ್ತೇನೆ. ನಾನು ಬೇಡವೆನಿಸಿದರೆ ಲೈಟ್ ಹಾಕಬೇಡ, ಎದುರು ಬಂದು ಹೇಳುವ ಸಂಕಟ ನಿನಗೆ ಬೇಡ. ಸುಮ್ಮನೆ ಹೊರಟುಬಿಡುತ್ತೇನೆ. ಆದರೆ ಮೆಟ್ಟಿಲನ್ನು ನಿಧಾನವಾಗಿ ಇಳಿಯುತ್ತೇನೆ, ಮಂಡಿ ನೋವಿದೆಯಲ್ಲ.