ಲಗ್ನಪತ್ರಿಕೆಯಲ್ಲಿ ಹಳೆಯ ಹೆಸರು

ಶಿಕಾರಿಪುರ
9-2-2025, ಭಾನುವಾರ

ಮುದ್ದಿನ ಶರಣ್ಯಾ,

ಹೇಗಿದ್ದೀಯ ಮಗಳೇ? ಕುಬಟೂರಿನ ನೀರು ಒಗ್ಗಿತೇ? ನಿನ್ನ ಸೋದರತ್ತೆ ಲೋಕಮ್ಮ ನನ್ನ ಮಗಳೇ ಆದರೂ ಹೇಳುತ್ತೇನೆ, ಎರಡು ರೊಟ್ಟಿ ಸಾಕೆಂದರೆ ಮೂರನೆಯದನ್ನು ಹಾಕಿಯೇ ತೀರುವ ಗಟ್ಟಿಗಿತ್ತಿ. ಸುಮ್ಮನೆ ತಿನ್ನು, ತೀರ ಇಳಿದುಹೋಗಿದ್ದೀಯ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಫೋನು ಮಾಡಬಹುದಿತ್ತು. ಆದರೆ ನನಗೆ ಕಿವಿ ಮಂದವೆಂದು ಸ್ಪೀಕರ್ ಹಾಕಿಕೊಡುತ್ತಾರೆ, ಆಮೇಲೆ ಮನೆಯವರೆಲ್ಲ ಸುತ್ತ ಕೂತು ಕೇಳುತ್ತಾರೆ. ಅದಕ್ಕೇ ಈ ಕಾಗದ.

ನೀನು ಬಸ್ಸು ಹತ್ತಿದ ಮೇಲೆ ನಿಮ್ಮಪ್ಪ ಪ್ರೆಸ್ಸಿಗೆ ಹೋಗಿ ಅಲ್ಲಿಯವನನ್ನು ಬಾಯಿಗೆ ಬಂದಂತೆ ಬೈದುಬಂದ. ನನ್ನ ಮಗ ನಾಗರಾಜನಿಗೆ ಮೊದಲಿನಿಂದಲೂ ಮರ್ಯಾದೆಯ ಹುಚ್ಚು. ಅಕ್ಕಿ ಗಿರಣಿಯ ಮನೆ, ಮಠಕ್ಕೆ ಬೇಕಾದ ಮನೆ, ಇಂಥ ಮನೆಯ ಮಗಳಿಗೆ ಎರಡನೆಯ ಮದುವೆ ಎಂಬುದು ಪತ್ರಿಕೆಯಲ್ಲಿ ಎಲ್ಲೂ ಕಾಣಬಾರದು. ದಾವಣಗೆರೆಯ ಮಹೇಶ್ವರಪ್ಪನವರಿಗೂ ಈಗಿನ ವರನಾದ ಅವರ ಮಗನಿಗೂ ನಿನ್ನ ಡೈವೋರ್ಸಿನ ವಿಷಯ ಗೊತ್ತು, ಅವರ ನೆಂಟರಿಗೆ ಗೊತ್ತಾಗಬಾರದು. ಹೀಗಾಗಿ ಪ್ರೆಸ್ಸಿನವನಿಗೆ ಆರು ವರ್ಷದ ಹಿಂದಿನ ನಿನ್ನ ಲಗ್ನಪತ್ರಿಕೆಯನ್ನೇ ಕೊಟ್ಟು, ‘ಇದರಂಗೇ ಇರ್ಬೇಕು ನೋಡಪ್ಪ, ಒಂದಕ್ಷರ ಆಕಡಿ ಈಕಡಿ ಆಗ್ಬಾರ್ದು’ ಎಂದ. ‘ಚಿ|| ಕುಂ|| ಸೌ||’ ಎಂಬಲ್ಲಿನ, ಮೊದಲ ಮದುವೆಯ ಹುಡುಗಿಗೆ ಹಾಕುವ ಆ ‘ಕುಂ’ ಉಳಿಸಿಕೊಳ್ಳಲು ಇಷ್ಟೆಲ್ಲ! ಬದಲಾಗಬೇಕಾದದ್ದನ್ನು ಬೇರೆ ಚೀಟಿಯಲ್ಲಿ ಬರೆದುಕೊಟ್ಟಿದ್ದ. ಪ್ರೆಸ್ಸಿನವನು ತಾರೀಖು ಬದಲಿಸಿದ, ವರನ ಕಡೆಯ ಸಾಲುಗಳನ್ನು ಹಾಗೇ ಬಿಟ್ಟ. ಆಗಿನ ಮದುವೆಗೆ ಕರೆದವರ ಹಳೆಯ ಪಟ್ಟಿ ಹಿಡಿದು ಡ್ರೈವರ್ ಚಿಕ್ಕಬೀರಪ್ಪ ಪ್ರೆಸ್ಸಿನಿಂದಲೇ ಜೀಪಿನಲ್ಲಿ ಹೊರಟು ಸೊರಬದವರೆಗೂ ಹಂಚಿಬಂದ. ಉಳಿದ ಕಟ್ಟು ಮನೆಗೆ ಬಂದಾಗ ಬಿಚ್ಚಿ ಓದಿದವಳು ನೀನು. ನಿನ್ನ ಹೆಸರಿನ ಪಕ್ಕದಲ್ಲಿ ಮತ್ತೆ ನೀನು ಬಿಟ್ಟ ಗಂಡ ಈಶ್ವರನ ಹೆಸರು. ಜೋರಾಗಿ ನಕ್ಕೆ. ನಿನ್ನ ನಗು ಕೇಳಿ ಮೂರು ವರ್ಷವಾಗಿತ್ತು. ನಿಮ್ಮಪ್ಪ ನಾಚಿಕೆಗೆಟ್ಟವಳೇ ಎಂದ, ನೀನು ಚೀಲ ಹಿಡಿದು ಹೊರಟೆ.

ಈಗ ಅದೇ ಜೀಪು ಮನೆಮನೆಗೆ ಹೋಗಿ ಪತ್ರಿಕೆ ವಾಪಸ್ಸು ತರುತ್ತಿದೆ. ಹೊಸದು ಅಚ್ಚಾಗಿದೆ. ಇಪ್ಪತ್ತನೇ ತಾರೀಖಿನ ಮುಹೂರ್ತ ಹಾಗೇ ಇದೆ, ನೀನು ಹದಿನೈದಕ್ಕೆ ಬರುತ್ತೀಯೆಂದು ನಿಮ್ಮಪ್ಪ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.

ಮೊನ್ನೆ ಗುರುವಾರ ಈಶ್ವರ ಬಂದಿದ್ದ. ನಿನಗೆ ಯಾರೂ ಹೇಳಿರಲಾರರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಪಂಪ್‌ಸೆಟ್ಟಿನ ಗ್ರೀಸು. ಸೋಫಾದ ತುದಿಯಲ್ಲಿ ಕೂತು ಜೇಬಿನಿಂದ ಪತ್ರಿಕೆ ತೆಗೆದ. ಸೊರಬದ ಅವನ ಚಿಕ್ಕಪ್ಪನ ಮನೆಗೂ ಒಂದು ಹೋಗಿತ್ತು. ‘ನಾ ಗಲಾಟೆ ಮಾಡಕೆ ಬಂದಿಲ್ರೀ ಮಾವ. ಇದನ್ನ ಯಾರು ಕಳ್ಸಿದ್ದು ಅಂತ ಕೇಳ್ಕಂಡು ಹೋಗನ ಅಂತ ಬಂದೆ’ ಎಂದ. ಪ್ರೆಸ್ಸಿನವನ ತಪ್ಪು, ವಾಪಸ್ಸು ಕೊಟ್ಟುಹೋಗು ಎಂದ ನಿಮ್ಮಪ್ಪ. ಅವನು ಪತ್ರಿಕೆಯನ್ನು ಮಡಿಸಿದ. ‘ತಪ್ಪು ಅಂದ್ಮೇಲೆ ಮುಗೀತು ಬಿಡ್ರಿ. ಇದೊಂದು ನಂಗಿರ್ಲಿ’ ಎಂದು ಜೇಬಿಗಿಟ್ಟುಕೊಂಡ. ಬಾಗಿಲಲ್ಲಿ ನನ್ನ ಕಾಲು ಮುಟ್ಟಿ, ‘ಅಜ್ಜಿ, ಅವ್ಳೇ ಬರ್ಸಿದಾಳೆ ಅನ್ಕಂಡಿದ್ದೆ’ ಎಂದ. ಅವನೇನು ಸಂತನಲ್ಲ. ನಿಮ್ಮಪ್ಪ ಗಿರಣಿಗೆ ಬಂದು ಕೂರು ಎಂದಾಗ ಅವನು ಮಾವನಿಗೆ ಆಡಿದ ಮಾತು ನನಗೆ ನೆನಪಿದೆ. ನೀನೂ ಅಪ್ಪನ ಮಗಳಾಗಿ ಹಟ ಹಿಡಿದೆ. ಆದರೂ ಅವನು ಗೇಟು ಹಾಕಿಕೊಂಡು ಹೋದಾಗ ನನಗೆ ಅಳು ಬಂತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ನೀನು ಲ್ಯಾಪ್‌ಟಾಪಿನಲ್ಲಿ ಒಂದು ಹಳೇ ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾ ತೋರಿಸಿದ್ದೆಯಲ್ಲ. ಅಮೆರಿಕದ ಸಾಹುಕಾರರ ಮನೆ, ಮಗಳಿಗೆ ಎರಡನೆಯ ಮದುವೆ, ಬಿಟ್ಟ ಗಂಡ ಅದೇ ಹಜಾರದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ, ಎಬ್ಬಿಸುವವರೇ ಇಲ್ಲ! ಎಲ್ಲರೂ ನಗುವವರೇ. ಇವರಿಗೆ ನಾಚಿಕೆ ಮಾನ ಇಲ್ಲವೇ ಎಂದು ನಾನು ಗೊಣಗುತ್ತಿದ್ದೆ, ನೀನು ಒಂದೊಂದು ಮಾತಿಗೂ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದೆ. ಕೊನೆಗೆ ಮದುಮಗಳು ಹಳೆಯ ಗಂಡನ ಪಕ್ಕದಲ್ಲೇ ಹೋಗಿ ನಿಂತಳು. ನೀನು ಅರ್ಥ ಹೇಳುವುದನ್ನು ನಿಲ್ಲಿಸಿಬಿಟ್ಟೆ. ಏನಂತಾಳೆ, ಏನಂತಾಳೆ ಎಂದು ನಾನು ಎರಡು ಸಲ ಕೇಳಿದೆ. ನೀನು ನೀರು ಕುಡಿದು ಬರುತ್ತೇನೆಂದು ಎದ್ದುಹೋದೆ. ಅವತ್ತಿನಿಂದ ನನಗೆ ಸಮಾಧಾನವಿಲ್ಲ.

ಇನ್ನೊಂದು ವಿಷಯ ಹೇಳುತ್ತೇನೆ, ಯಾರಿಗೂ ಹೇಳಬೇಡ. ನಮ್ಮ ಕಾಲದಲ್ಲಿ ಹೆಣ್ಣಿಗೆ ಎರಡನೆಯ ಸಲದ್ದನ್ನು ಮದುವೆ ಎನ್ನುತ್ತಿರಲಿಲ್ಲ, ಉಡಿಕೆ ಎನ್ನುತ್ತಿದ್ದರು. ಚಪ್ಪರವಿಲ್ಲ, ಓಲಗವಿಲ್ಲ, ಮುತ್ತೈದೆಯರು ಆ ಕಡೆ ಸುಳಿಯುತ್ತಿರಲಿಲ್ಲ. ಒಂದು ಸೀರೆ ಉಡಿಸಿ ಹಿತ್ತಲ ಬಾಗಿಲಿಂದ ಕಳಿಸುತ್ತಿದ್ದರು. ನಿಮ್ಮಜ್ಜನ ಮನೆಗೆ ನಾನು ಬಂದದ್ದು ಹಾಗೆ. ಮೊದಲು ನನ್ನನ್ನು ಜಡೆ ಊರಿನ ಬೆನಕಪ್ಪ ಎಂಬವರಿಗೆ ಕೊಟ್ಟಿದ್ದರು. ಯಾವುದೋ ಊಟದಲ್ಲಿ ನನ್ನಪ್ಪನನ್ನು ಎರಡನೆಯ ಪಂಕ್ತಿಗೆ ಕೂರಿಸಿದರೆಂದು ಬೀಗರ ನಡುವೆ ಜಗಳವಾಗಿ ನನ್ನನ್ನು ಕರೆತಂದುಬಿಟ್ಟರು. ಬೆನಕಪ್ಪನವರು ಒಮ್ಮೆ ಕರೆದೊಯ್ಯಲು ಬಂದು ಜಗಲಿಯ ಮೇಲೆ ಅರ್ಧ ದಿನ ಕೂತಿದ್ದರು. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಹೋಗುತ್ತೀಯೇನು ಎಂದು ಯಾರೂ ನನ್ನನ್ನು ಕೇಳಲಿಲ್ಲ. ಆಮೇಲೆ ಹಿರಿಯರು ಕೂತು ಬಿಡುಗಡೆ ಮಾಡಿಸಿದರು, ಹೆಂಡತಿ ತೀರಿಕೊಂಡಿದ್ದ ನಿಮ್ಮಜ್ಜನಿಗೆ ಕೊಟ್ಟರು. ನಿಮ್ಮಜ್ಜ ಒಳ್ಳೆಯವರು, ಸುಳ್ಳು ಹೇಳಬಾರದು. ಆದರೆ ನಾಗರಾಜನ ಮದುವೆಯಲ್ಲೂ ಆರತಿ ತಟ್ಟೆ ನನ್ನ ಕೈಗೆ ಬರಲಿಲ್ಲ. ಅವನು ‘ಎರಡನೆಯ’ ಎಂಬ ಪದಕ್ಕೆ ಇಷ್ಟು ಹೆದರುವುದು ಏಕೆಂದು ಈಗ ತಿಳಿಯಿತೇ? ಅವನು ಉಡಿಕೆಯವಳ ಮಗ. ಶಾಲೆಯಲ್ಲಿ ಅದನ್ನು ಕೇಳಿಸಿಕೊಂಡು ಅಳುತ್ತಾ ಮನೆಗೆ ಬಂದದ್ದು ನನಗೆ ಗೊತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ. ನೀನೂ ಹೆಚ್ಚು ಇಟ್ಟುಕೊಳ್ಳಬೇಡ.

ಲೋಕಮ್ಮನಿಗೆ ನಾನು ನೆನೆಸಿಕೊಂಡೆನೆಂದು ಹೇಳು. ಎಲ್ಲೇ ಇದ್ದರೂ ತಲೆಯೆತ್ತಿಕೊಂಡಿರು. ಬಸವಣ್ಣ ನಿನ್ನ ಕೈ ಬಿಡದಿರಲಿ.

ನಿನ್ನ ಅಜ್ಜಿ
ರಾಜೇಶ್ವರಮ್ಮ

ಮತ್ತೆ: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಪ್ರೆಸ್ಸಿನವನನ್ನು ನಿಮ್ಮಪ್ಪ ಬೈದದ್ದು ಅನ್ಯಾಯ. ಅವನು ಅಚ್ಚು ಹಾಕುವ ಮೊದಲು ಕರಡನ್ನು ಮನೆಗೆ ಕಳಿಸಿದ್ದ. ನಾಗರಾಜ ಊರಲ್ಲಿರಲಿಲ್ಲ, ನಾನು ಕನ್ನಡಕ ಹಾಕಿಕೊಂಡು ಓದಿದೆ. ನಿಮ್ಮಮ್ಮನ ಹೆಸರಿನಲ್ಲಿ ಬಿಟ್ಟುಹೋಗಿದ್ದ ದೀರ್ಘ ತಿದ್ದಿದೆ. ಈಶ್ವರನ ಹೆಸರು ಕಂಡಿತು, ತಿದ್ದಲಿಲ್ಲ. ಎಲ್ಲ ಸರಿಯಿದೆ ಎಂದು ಬರೆದು ಕಳಿಸಿದೆ. ನನ್ನನ್ನು ಯಾರೂ ಕೇಳಲಿಲ್ಲವೆಂದು ಮೇಲೆ ಇಷ್ಟುದ್ದ ಬರೆದೆನಲ್ಲ, ನಾನೂ ನಿನ್ನನ್ನು ಕೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ನಿಮ್ಮಪ್ಪನಿಗೆ ಹೇಳಿಬಿಡುತ್ತೇನೆ. ಅದಕ್ಕೆ ಮೊದಲು ಈಗ ಕೇಳುತ್ತಿದ್ದೇನೆ ಮಗಳೇ, ನಿನಗೆ ಯಾರು ಬೇಕು? ಯಾರೂ ಬೇಡವೆಂದರೂ ಬರೆ.