ಎರಡು ತಾಸಿನ ಬಿಡುವು

೧೭ ಜನವರಿ ೧೯೮೭, ಶನಿವಾರ, ನಾಗಪುರ

ಗಂಜಿ ಉಗುಳಿದಳೆಂದು ಮೊನ್ನೆ ಹೆಂಡತಿ ದಮಯಂತಿಯ ಮೇಲೆ ಕೈ ಎತ್ತಿದ್ದು ಇನ್ನೂ ಚುಚ್ಚುತ್ತಿದೆ. ಹೊಡೆಯಲಿಲ್ಲ, ಆದರೆ ಅವಳು ಕಣ್ಣು ಮುಚ್ಚಿಕೊಂಡಳು. ಲಕ್ವ ಹೊಡೆದು ಅವಳು ಹಾಸಿಗೆ ಹಿಡಿದ ಈ ಎರಡು ವರ್ಷಗಳಲ್ಲಿ ನಾನು ಎಂದೂ ಹಾಗೆ ಮಾಡಿರಲಿಲ್ಲ.

ಇಂದು ರಾಮದಾಸಪೇಠದಲ್ಲಿ, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರಿಗೆಂದೇ ನಡೆದ ಶಿಬಿರಕ್ಕೆ ಹೋಗಿದ್ದೆ. ಹನ್ನೊಂದು ಜನ ಹೆಂಗಸರು, ಗಂಡಸು ನಾನೊಬ್ಬನೇ. ಶಿಬಿರ ನಡೆಸುವ ಕುಸುಮತಾಯಿ, ನಮ್ಮ ಬೆನ್ನು ನೋಯದಂತೆ ರೋಗಿಯನ್ನು ಎತ್ತುವುದು ಹೇಗೆಂದು ಕಲಿಸಿದರು. ಆಮೇಲೆ ಮನಸ್ಸಿಗೆ ಭಾರವಾದದ್ದನ್ನು ಹೇಳಿ ಎಂದರು. ನನ್ನ ಹರಕುಮುರುಕು ಮರಾಠಿಯಲ್ಲಿ ಕೈ ಎತ್ತಿದ್ದನ್ನು ಹೇಳಿಬಿಟ್ಟೆ. ಯಾರೂ ಬೈಯಲಿಲ್ಲ. ಪಕ್ಕದಲ್ಲಿದ್ದ ಮುದುಕಿ, "ಮೀ ಪಣ," ನಾನೂ ಹಾಗೆಯೇ, ಎಂದು ಅಳತೊಡಗಿದಳು.

ಇಂದಿನವರೆಗೆ ದಮಯಂತಿಯನ್ನು ಯಾರ ಕೈಗೂ ಬಿಟ್ಟಿರಲಿಲ್ಲ ಎಂದೆ. "ವಾರಕ್ಕೆ ಎರಡು ತಾಸು ಅವರನ್ನು ಬೇರೆಯವರ ಕೈಗೆ ಒಪ್ಪಿಸಲು ನಿಮಗೇಕೆ ಹೆದರಿಕೆ?" ಎಂದು ಕುಸುಮತಾಯಿ ಕೇಳಿದರು. ಹೆದರಿಕೆಯಲ್ಲ, ಜಂಬ. ನನ್ನಷ್ಟು ಚೆನ್ನಾಗಿ ಯಾರು ನೋಡಿಕೊಂಡಾರು ಎಂಬ ಜಂಬ.

ಮನೆಗೆ ಬಂದರೆ, ಇಂದು ಮೊದಲ ಸಲ ದಮಯಂತಿಯ ಜೊತೆಗಿರಲು ಒಪ್ಪಿದ್ದ ಪಕ್ಕದ ಕ್ವಾರ್ಟರ್ಸಿನ ದೇಚಮ್ಮ ಅವಳ ತಲೆ ಬಾಚುತ್ತಿದ್ದರು. ಇಬ್ಬರೂ ಏನಕ್ಕೋ ನಗುತ್ತಿದ್ದರು. ದೇಚಮ್ಮ ಹೋದ ಮೇಲೆ ಹಾಸಿಗೆಯ ಬಳಿ ಕೂತು, "ಮೊನ್ನೆ ನಂದು ತಪ್ಪಾತು," ಎಂದೆ.

ದಮಯಂತಿ ತೊದಲುತ್ತ, "ಮುಂದಿನ ಶನಿವಾರನೂ ಹೋಗ್ರಿ. ನಿಮ್ಮ ಮಾರಿ ನೋಡಿ ನೋಡಿ ನನಗೂ ಬ್ಯಾಸರಾಗೇತಿ," ಎಂದಳು.

ಜೋರಾಗಿ ನಕ್ಕೆ. ಅವಳಿಗೂ ನನ್ನಿಂದ ಬಿಡುವು ಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಕ್ಷಮಿಸಿದೆ ಎಂದು ಮಾತ್ರ ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳುವುದಕ್ಕೆ ನನಗೆ ಹಕ್ಕೂ ಇರಲಿಲ್ಲ.