ಗಾಳಿ ಬೀಸಿದರಷ್ಟೇ ನಾಳೆ

ಗದಗ
ಜನವರಿ ಹದಿನಾರು (ಹನ್ನೊಂದನೆಯ ಸಲ), ಇಸವಿ 2198

ನೂರಾ ಎಪ್ಪತ್ತು ವರ್ಷ ಹಿಂದೆ ವಾಸವಾಗಿರುವ ಪರಮಪೂಜ್ಯ ಹಿರಿಯರ ಪಾದಗಳಿಗೆ, ನಿಮ್ಮ ಮರಿಮಕ್ಕಳ ಮರಿಮಗನಾದ ಅಡಿವೆಪ್ಪನ ಸಾಷ್ಟಾಂಗ ನಮಸ್ಕಾರಗಳು. ನೆಲ ಬಹಳ ತಣ್ಣಗಿರುವುದರಿಂದ ನಮಸ್ಕಾರವನ್ನು ಬೇಗನೆ ಮುಗಿಸಿ ಎದ್ದಿದ್ದೇನೆ. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ನಿಮ್ಮ ಕಾಲದ ಪದ್ಧತಿಯಂತೆ. ಆ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಪತ್ರದಲ್ಲಿ ನಿಮಗೆ ಗೊತ್ತಿಲ್ಲದ ಕೆಲವು ಮಾತುಗಳು ಬರುತ್ತವೆ. ಅವು ಹುಟ್ಟಲು ಕಾರಣರಾದವರು ನೀವೇ, ಆದ್ದರಿಂದ ಅರ್ಥ ಹೇಳುವ ಹೊಣೆ ನ್ಯಾಯವಾಗಿ ನನ್ನದಲ್ಲ. ಆದರೂ ಹೇಳುತ್ತೇನೆ, ನಮ್ಮ ಮನೆಯಲ್ಲಿ ದೊಡ್ಡವರಿಗೆ ಮರ್ಯಾದೆ ಕೊಡುವುದನ್ನು ಕಲಿಸಿದ್ದಾರೆ, ಅವರು ಅದಕ್ಕೆ ಯೋಗ್ಯರೋ ಅಲ್ಲವೋ ಎಂದು ನೋಡುವುದನ್ನು ಕಲಿಸಿಲ್ಲ.

ಮೊದಲು ತಾರೀಖಿನ ವಿಷಯ. ನಿಮ್ಮ ಕಾಲದಲ್ಲಿ ಹದಿನಾರು ಮುಗಿದ ಮೇಲೆ ಯಾರ ಅಪ್ಪಣೆಯನ್ನೂ ಕೇಳದೆ ಹದಿನೇಳು ಬರುತ್ತಿತ್ತಂತೆ. ಈಗ ಹಾಗಿಲ್ಲ. ಬಹಳ ಹಿಂದೆ ಒಂದು ಸರ್ಕಾರ ವರ್ಷದ ಪ್ರತಿಯೊಂದು ದಿನವೂ ಹಸಿರು ಕರೆಂಟು ಕೊಡುತ್ತೇವೆಂದು ಮಾತು ಕೊಟ್ಟಿತು. ಗ್ಯಾಸಿನ ಕೊಳವೆಗಳನ್ನು ಕಿತ್ತುಹಾಕಿತು, ಒಲೆ ಹೊತ್ತಿಸುವುದನ್ನು ಅಪರಾಧ ಮಾಡಿತು. ಆಮೇಲೆ ನೋಡಿದರೆ ಗಾಳಿ ಕೆಲವು ದಿನ ಬೀಸಲಿಲ್ಲ. ಕೊಟ್ಟ ಮಾತು ತಪ್ಪಬಾರದು, ಗಾಳಿಗೆ ನೋಟೀಸು ಕೊಡಲೂ ಆಗದು. ದೊಡ್ಡ ದೊಡ್ಡವರು ಕೂತು ಯೋಚಿಸಿ ಒಂದು ದಾರಿ ಕಂಡುಹಿಡಿದರು: ಗಾಳಿ ಬೀಸದ ದಿನವನ್ನು ದಿನವೆಂದು ಲೆಕ್ಕ ಹಿಡಿಯಬೇಕಾಗಿಲ್ಲ. ಅಂಥ ದಿನಕ್ಕೆ ನಾವು ತಂಗುದಿನ ಎನ್ನುತ್ತೇವೆ. ಗಾಳಿ ಬೀಸುವವರೆಗೆ ತಾರೀಖು ಇದ್ದಲ್ಲೇ ತಂಗುತ್ತದೆ. ಹೀಗಾಗಿ ಇವತ್ತಿನವರೆಗೆ ಒಂದೇ ಒಂದು ದಿನವೂ ನಮಗೆ ಕರೆಂಟು ತಪ್ಪಿಲ್ಲ. ಕಾಗದದಲ್ಲಿ ಎಲ್ಲ ಸರಿಯಾಗಿದೆ.

ಊರೂರಿಗೆ ಗಾಳಿ ಬೇರೆಯಾದ್ದರಿಂದ ತಾರೀಖೂ ಬೇರೆ. ಚಿತ್ರದುರ್ಗದವರು ಗುಡ್ಡದ ಮೇಲಿನ ಗಾಳಿಯ ಸೊಕ್ಕಿನಲ್ಲಿ ಆಗಲೇ ಫೆಬ್ರುವರಿಗೆ ಹೋಗಿಬಿಟ್ಟಿದ್ದಾರೆ. ಅಲ್ಲಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವಷ್ಟರಲ್ಲಿ ಅಣ್ಣಂದಿರಿಗಿಂತ ದೊಡ್ಡವರಾಗಿರುತ್ತಾರೆ. ಯಾರು ಯಾರ ಕಾಲು ಮುಟ್ಟಬೇಕೆಂಬುದು ಬಾಗಿಲಲ್ಲೇ ಜಗಳವಾಗುತ್ತದೆ. ಬಿಸಿಲಿನ ಕರೆಂಟು ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಬೇಕಾದಷ್ಟಿದೆ. ಅದು ಪೂರ್ತಿ ರಾಜಧಾನಿಯವರು ಬಿಸಿಲು ತಪ್ಪಿಸಿ ಕೂರುವ ತಂಪುಮನೆಗಳಿಗೆ ಹೋಗುತ್ತದೆ. ಗದಗಿನ ಪಾಲಿಗೆ ಬಂದದ್ದು ಕಪ್ಪತಗುಡ್ಡದ ಗಾಳಿ ಮಾತ್ರ.

ಸದ್ಯ ನಮ್ಮ ಊರು ತಂಗಿರುವ ಹದಿನಾರನೆಯ ತಾರೀಖು ಭೋಗಿ ಹಬ್ಬ. ನಿಮ್ಮ ಕಾಲದಿಂದ ಸಂಕ್ರಾಂತಿ ಎರಡು ದಿನ ಮುಂದೆ ಸರಿದಿದೆ. ಅದು ಸೂರ್ಯನ ಲೆಕ್ಕ. ನಮ್ಮ ತೊಂದರೆಗಳಲ್ಲಿ ನಿಮ್ಮ ತಪ್ಪಲ್ಲದ್ದು ಬಹುಶಃ ಅದೊಂದೇ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಅಕ್ಕಪಕ್ಕದ ಮನೆಗಳಿಗೆ ಕೊಡಲೇಬೇಕು. ದಿನವೂ ಭೋಗಿಯಾದರೆ ದಿನವೂ ಕೊಡಲೇಬೇಕು. ಆದರೆ ಗಾಳಿ ಇಲ್ಲದಾಗ ಕಾಯಿಗಲ್ಲು ಕಾಯುವುದಿಲ್ಲ. ಕಾಯಿಗಲ್ಲು ಎಂದರೆ ಒಲೆಯ ಜಾಗದಲ್ಲಿ ನಮಗೆ ಕೊಟ್ಟಿರುವ, ಕರೆಂಟಿನಿಂದ ಕಾಯುವ ಕರಿಯ ಹಾಸು. ಅದರ ಮೇಲೆ ರೊಟ್ಟಿ ಉಬ್ಬುವುದಿಲ್ಲ, ಬೆವರುತ್ತದೆ. ಹೊಸ ರೊಟ್ಟಿ ಇಲ್ಲದ್ದರಿಂದ ಮೊದಲ ಭೋಗಿಗೆಂದು ಮುನ್ನಾದಿನವೇ ಸುಟ್ಟಿಟ್ಟ ರೊಟ್ಟಿಯೇ ಮನೆಯಿಂದ ಮನೆಗೆ ತಿರುಗಲು ಶುರುವಾಯಿತು. ನಾವು ಎಡಮನೆಗೆ ಕೊಟ್ಟದ್ದು ಓಣಿಯನ್ನೆಲ್ಲ ಸುತ್ತಿ ಆರನೆಯ ಭೋಗಿಗೆ ಬಲಮನೆಯಿಂದ ನಮಗೇ ಬಂತು. ಅಂಚಿನಲ್ಲಿ ಹಸಿರು ಬೂಸಲು ಹಿಡಿದಿತ್ತು. ಹಸಿರು ನೀತಿ ನಮ್ಮ ಮನೆಗೆ ತಲುಪಿದ್ದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ. ಅಸಹ್ಯದಿಂದ ಮುಖ ಆಚೆ ತಿರುಗಿಸಿದೆ, ಆಮೇಲೆ ಪದ್ಧತಿ ಬಿಡಬಾರದೆಂದು ಎಡಮನೆಗೆ ಕೊಟ್ಟು ಬಂದೆ.

ಇನ್ನು ನೀವು. ನಿಮ್ಮ ಕಾಲದ ಚರ್ಚೆಗಳ ಧ್ವನಿಮುದ್ರಣಗಳು ನಮ್ಮ ಶಾಲೆಯಲ್ಲಿವೆ. ತುಂಟತನ ಮಾಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಅವನ್ನು ಕೇಳಿಸುವುದು ಅಲ್ಲಿಯ ಶಿಕ್ಷೆ. ಈ ಕಾರಣದಿಂದ ನಾನು ಎಲ್ಲವನ್ನೂ ಕೇಳಿದ್ದೇನೆ, ಕೆಲವನ್ನು ಎರಡೆರಡು ಸಲ. ಒಬ್ಬ ಮಹನೀಯರು ನೈಸರ್ಗಿಕ ಅನಿಲವನ್ನು ನಾಳೆಯೇ ನಿಷೇಧಿಸದಿದ್ದರೆ ಭೂಮಿ ಉಳಿಯದೆಂದು ಮೇಜು ಗುದ್ದಿದರು. ಎದುರಿಗಿದ್ದವರು ಗಾಳಿಯಂತ್ರ ಮಕ್ಕಳ ಆಟಿಕೆ, ಗ್ಯಾಸ್ ಇಲ್ಲದೆ ನಾಗರಿಕತೆಯೇ ಇಲ್ಲವೆಂದು ಅದೇ ಮೇಜನ್ನು ಗುದ್ದಿದರು. ನಡುವೆ ಇಬ್ಬರಿಗೂ ಚಹಾ ಬಂತು. ಸುರ್ರೆಂದು ಹೀರಿದ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಅದನ್ನು ಯಾವುದರ ಮೇಲೆ ಕುದಿಸಿದ್ದೆಂದು ಇಬ್ಬರೂ ಕೇಳಲಿಲ್ಲ. ನನಗೆ ಹೇಸಿಗೆ ಹುಟ್ಟಿಸಿದ್ದು ನಿಮ್ಮ ಜಗಳವಲ್ಲ, ಆ ಸುರ್ರೆನ್ನುವ ಸದ್ದು. ಗ್ಯಾಸಿನವರು ಕೊನೆಯ ಹನಿಯವರೆಗೆ ಉರಿಸಿ ನಮಗೆ ನೆತ್ತಿ ಸುಡುವ ಬೇಸಿಗೆಯನ್ನು ಬಿಟ್ಟುಹೋದರು. ನಿಷೇಧದವರು ನಿಯಮಗಳನ್ನು ಬಿಟ್ಟುಹೋದರು. ಗಾಳಿ ನಿಂತ ದಿನಕ್ಕೆ ಬೇಕಾಗುವ ಉಳಿಕೆ ಕರೆಂಟನ್ನು ಕೂಡಿಡುವ ಕೆಲಸ ಮಾತ್ರ ಎರಡೂ ಕಡೆಯವರಿಗೆ ಬೇಡವಾಯಿತು. ಅದಕ್ಕೆ ಚಪ್ಪಾಳೆ ಬೀಳುವುದಿಲ್ಲವಲ್ಲ. ಈಗ ಇಡೀ ಗದಗಿಗೆ ಇರುವುದು ಒಂದು ಸಣ್ಣ ಉಳಿಕೆಮನೆ. ತಂಗುದಿನಗಳಲ್ಲಿ ಅದರ ಕರೆಂಟು ಹೆರಿಗೆಮನೆಯೊಂದಕ್ಕೇ ಸಾಲುತ್ತದೆ. ಅಲ್ಲಿಯೂ ದಿನ ತುಂಬಿದವರಿಗೆ ಮಾತ್ರ ಹಾಸಿಗೆ.

ನಮ್ಮ ಮನೆಯ ಸಂಕಟ ಶುರುವಾದದ್ದೇ ಇಲ್ಲಿಂದ. ನನ್ನ ಅಕ್ಕ ನೀಲಾಂಬಿಕೆಗೆ ಬರೆದುಕೊಟ್ಟ ಹೆರಿಗೆಯ ತಾರೀಖು ಹದಿನೇಳು. ಊರು ಹದಿನಾರರಲ್ಲಿ ತಂಗಿತ್ತು. ಹೊಟ್ಟೆ ತಂಗಲಿಲ್ಲ. ಏಳನೆಯ ಭೋಗಿಯ ಬೆಳಿಗ್ಗೆ ಅಕ್ಕನಿಗೆ ಸಣ್ಣಗೆ ನೋವು ಕಾಣಿಸಿತು. ಹೆರಿಗೆಮನೆಯವರು ಬಾಗಿಲಲ್ಲೇ ತಾರೀಖು ನೋಡಿ ನಾಳೆ ಬನ್ನಿ ಎಂದು ಬಹಳ ವಿನಯದಿಂದ ಕೈ ಮುಗಿದರು. ಅಕ್ಕನ ಗಂಡ ತೋಂಟೇಶ ಮಾಂವ, ನನ್ನ ಆಯಿ, ಅಂದರೆ ಅಜ್ಜಿ ಸಂಗವ್ವ, ಮತ್ತು ನಾನು ಮೂವರೂ ಗಾಳಿ ಅಮಲ್ದಾರ ಗುರುಸಿದ್ದಪ್ಪನವರ ಕಚೇರಿಗೆ ಹೋದೆವು. ಅವರ ಚಾವಣಿಯ ಮೇಲೆ ತಿರುಗಣಿ ಎಂಬ ಸಣ್ಣ ಗಾಳಿಚಕ್ರವಿದೆ. ಅದು ಅರ್ಧ ತಾಸು ನಿಲ್ಲದೆ ತಿರುಗಿದರೆ ಮರುದಿನ ಊರಿನ ತಾರೀಖು ಮುಂದೆ ಹೋಗುತ್ತದೆ. ಹಿಂದಿನವರಿಗೆ ಬರೆಯುವ ಪತ್ರಗಳಲ್ಲಿ ಮಾತುಕತೆ ಇರಬಾರದೆಂದು ನಮ್ಮ ಮಾಸ್ತರರು ಹೇಳಿಕೊಟ್ಟಿದ್ದಾರೆ. ಆದರೆ ಅಂದು ನಡೆದದ್ದನ್ನು ನನ್ನ ಮಾತಿನಲ್ಲಿ ಹೇಳಿದರೆ ನೀವು ನಂಬುವುದಿಲ್ಲ.

"ಅಮಲ್ದಾರ್ರ, ನಾಳೆ ಅನ್ನೂದು ಯಾವಾಗ ಬರ್ತೈತ್ರೀ?" ಎಂದ ಮಾಂವ.

"ಗಾಳಿ ಬೀಸಿದ ಮರುದಿನ."

"ಗಾಳಿ ಯಾವಾಗ ಬೀಸ್ತೈತ್ರೀ?"

"ಅದು ಗಾಳಿ ಇಲಾಖೆಗೆ ಸಂಬಂಧಪಟ್ಟ ವಿಷಯ ಅಲ್ಲ."

ಆಯಿ ಮುಂದೆ ಬಂದಳು. "ಹೊಟ್ಟ್ಯಾಗಿನ ಕೂಸಿಗೆ ನಿಮ್ಮ ತಾರೀಖ ಓದಾಕ ಬರೂದಿಲ್ಲೋ ಯಪ್ಪಾ. ನೀವಾ ಬಂದು ಅದಕ್ಕ ಬುದ್ಧಿ ಹೇಳ್ರಿ. ಇಲ್ಲಂದ್ರ ಮ್ಯಾಲೆ ಹತ್ತಿ ಆ ಚಕ್ರ ಒಂದೀಟು ತಿರುವ್ರಿ."

"ನಾ ಕೈ ಹಚ್ಚಿ ತಿರುವಿದ್ರ ಅದು ಗಾಳಿ ಅಲ್ಲ ಆಯಿ, ಗುರುಸಿದ್ದಪ್ಪ."

"ಮತ್ತ ಗಾಳಿ ಅಂದ್ರ ಏನಂತ ಐತಿ ನಿಮ್ಮ ಕಾನೂನಿನಾಗ?"

"ಅಲುಗಾಡೂ ಹವಾ."

"ಯಾರು ಅಲುಗಾಡಿಸಬೇಕಂತ ಏನರ ಐತೇನು?"

ಅಮಲ್ದಾರರು ಕಾನೂನಿನ ಪುಸ್ತಕ ತೆಗೆದು ಒಂದೊಂದೇ ಪುಟ ತಿರುವಿದರು. ಅವರು ಲಂಚ ಮುಟ್ಟದ, ಸುಳ್ಳು ಆಡದ ಮನುಷ್ಯ. ಅಂಥವರಿಂದ ಊರಿಗೆ ಎಷ್ಟು ತೊಂದರೆಯೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಕೊನೆಗೆ, "ಹಂಗೇನು ಇಲ್ಲ" ಎಂದರು.

ಆ ಮಧ್ಯಾಹ್ನ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಮೊರ ಹಿಡಿದುಕೊಂಡು ಕಚೇರಿಯ ಚಾವಣಿ ಹತ್ತಿದರು. ಜೋಳ ಕೇರುವ ಬಿದಿರಿನ ಮೊರಗಳನ್ನು ತಿರುಗಣಿಯ ಮುಂದೆ ಒಂದೇ ತಾಳದಲ್ಲಿ ಬೀಸಿದರು. "ಕೈ ಸೋತಾವು ಬೇ" ಎಂದು ಒಬ್ಬಳು ಕೂತರೆ, "ಸೊಸಿಗೆ ಬೈಯೂಮುಂದ ಬಾಯಿ ಸೋಲೂದಿಲ್ಲಲ್ಲ, ಏಳು, ಬೀಸು" ಎಂದು ಮತ್ತೊಬ್ಬಳು ಎಬ್ಬಿಸಿದಳು. ಗಂಡಸರು ಕೆಳಗೆ ನಿಂತು ಸಲಹೆ ಕೊಟ್ಟರು. ನಾನು ಎರಡು ಮೊರಗಳನ್ನು ಹೆಗಲಿಗೆ ಕಟ್ಟಿಕೊಂಡು ರೆಕ್ಕೆ ಬಡಿಯುತ್ತ ಓಡಾಡಿದ್ದನ್ನು ಆಯಿ ಸೇವೆಯೆಂದು ಒಪ್ಪಲಿಲ್ಲ. ತಿರುಗಣಿ ಅರ್ಧ ತಾಸು ತಿರುಗಿತು. ಅಮಲ್ದಾರರು ಕೈಕಟ್ಟಿ ನೋಡಿ, ಗಂಟಲು ಸರಿಮಾಡಿಕೊಂಡು, ಗದಗಿನಲ್ಲಿ ಗಾಳಿ ಬೀಸಿದೆಯೆಂದು ಘೋಷಿಸಿದರು. ಗುಡ್ಡದ ಮೇಲಿನ ದೊಡ್ಡ ಯಂತ್ರಗಳು ನಿಂತಲ್ಲೇ ನಿಂತಿದ್ದವು. ಅವನ್ನು ಯಾರೂ ಕೇಳಲಿಲ್ಲ.

ಮರುದಿನ ಹದಿನೇಳು ಬಂತು. ಹೆರಿಗೆಮನೆಯವರು ಅಕ್ಕನನ್ನು ಆದರದಿಂದ ಒಳಗೆ ಕರೆದುಕೊಂಡರು. ಒಳಗೆ ಗವ್ವೆನ್ನುವ ಕತ್ತಲೆ. ಗಾಳಿ ಬೀಸಿದ ಊರಿಗೆ ಉಳಿಕೆ ಕೊಡಬಾರದೆಂಬುದು ನಿಯಮ. ಘೋಷಣೆ ಹೊರಟ ಕೂಡಲೇ ಉಳಿಕೆಮನೆಯ ಬಾಗಿಲು ಮುಚ್ಚಿತ್ತು. ತಾರೀಖು ತರಲು ಹೋಗಿ ನಾವು ಇದ್ದ ಬೆಳಕನ್ನೂ ಕಳೆದಿದ್ದೆವು. ಅದನ್ನು ಇಡೀ ಓಣಿಯಲ್ಲಿ ಒಬ್ಬರೂ ಯೋಚಿಸಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಹೆರಿಗೆ ಆಯಿತು. ಹೆಣ್ಣುಕೂಸು. ಮೈ ನೀಲಿಗಟ್ಟಿ ಥರಥರ ನಡುಗುತ್ತಿತ್ತು. ಅಕ್ಕನ ಹಲ್ಲು ಕಟಕಟ ಎನ್ನುತ್ತಿದ್ದವು. ಕಾಯಿಗಲ್ಲಿನ ಮೇಲಿಟ್ಟ ನೀರು ಬಾವಿಯಿಂದ ಬಂದಷ್ಟೇ ತಣ್ಣಗಿತ್ತು.

ನಮ್ಮಲ್ಲಿ ಉರಿಗೆ ಒಂದೇ ಒಂದು ವಿನಾಯಿತಿ ಇದೆ, ದೇವರ ದೀಪದ ಬತ್ತಿ. ಆಯಿ ತನ್ನ ಮೊರವನ್ನು ಮೊಣಕಾಲಿಗೆ ಒತ್ತಿ ಮುರಿದಳು. ಉಳಿದವರೂ ತಂತಮ್ಮವನ್ನು ಮುರಿದು ಕೊಟ್ಟರು. ಹೆರಿಗೆಮನೆಯ ಗೂಡಿನಲ್ಲಿದ್ದ ದೀಪದಿಂದ ಹೊತ್ತಿಸಿಕೊಂಡು ಅಂಗಳದಲ್ಲಿ ಮೂರು ಕಲ್ಲಿನ ನಡುವೆ ಬೆಂಕಿ ಹಾಕಿದಳು. ನಾನು ನನ್ನ ಹದಿನೇಳು ವರ್ಷದಲ್ಲಿ ಬತ್ತಿಗಿಂತ ದೊಡ್ಡ ಉರಿಯನ್ನು ಕಂಡದ್ದು ಅದೇ ಮೊದಲು. ಅದು ಸದ್ದು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಅಮಲ್ದಾರರು ಕೂಸು ನೋಡಲೆಂದು ಬಂದವರು ಬೆಂಕಿಗೆ ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ನಿಂತರು. "ನಾ ಏನೂ ನೋಡಿಲ್ಲವ್ವಾ" ಎಂದರು. ನೀರು ಕಾಯಿತು. ಕೂಸು ಕೆಂಪಗಾಗಿ ಅತ್ತಿತು. ಅಕ್ಕ ಎರಡು ತಂಬಿಗೆ ಬಿಸಿನೀರು ಮೈಮೇಲೆ ಬಿದ್ದ ಮೇಲೆ ನಕ್ಕಳು.

ಸಂಜೆ ಅಮಲ್ದಾರರು ಮೇಲಿನ ಕಚೇರಿಗೆ ಎಲ್ಲವನ್ನೂ ವರದಿ ಮಾಡಿದರು. ಮೊರದಿಂದ ಬೀಸಿದ್ದು ನಿಜ. ಬೆಂಕಿಯನ್ನು ಕಂಡಿಲ್ಲ, ಹೊಗೆಯ ವಾಸನೆ ಬಂದದ್ದೂ ನಿಜ. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಅಸಹ್ಯ, ಅದೂ ಅವರ ಮೇಲೆ ಅಲ್ಲ, ಪ್ರಾಮಾಣಿಕ ಮನುಷ್ಯನನ್ನು ಇಂಥ ಕೆಲಸಕ್ಕೆ ಬಳಸುವ ನಿಯಮದ ಮೇಲೆ. ಎರಡನೆಯ ದಿನ ಆದೇಶ ಬಂತು. ಮೊರದ ಗಾಳಿ ಗಾಳಿಯಲ್ಲ. ಗದಗಿನ ಹದಿನೇಳು ರದ್ದು, ಊರು ಮತ್ತೆ ಹದಿನಾರಕ್ಕೆ. ಸಂಕ್ರಾಂತಿಗೆ ಹಂಚಿದ ಕುಸುರೆಳ್ಳನ್ನು ವಾಪಸು ತರಿಸಿಕೊಳ್ಳಬೇಕು. ತಿಂದದ್ದನ್ನು ಏನು ಮಾಡಬೇಕೆಂದು ಆದೇಶದಲ್ಲಿ ಇರಲಿಲ್ಲ. ಕೂಸು ಇನ್ನೂ ಹುಟ್ಟಿಲ್ಲವಾದ್ದರಿಂದ ಅಕ್ಕ ಬಸುರಿ, ದಿನ ತುಂಬದ ಬಸುರಿಗೆ ಹಾಸಿಗೆ ಇಲ್ಲ, ಮನೆಗೆ ಹೋಗಬೇಕು. ಉರಿ ಹೊತ್ತಿಸಿದ ಆಯಿಯ ವಿಚಾರಣೆ ಹದಿನೇಳನೆಯ ತಾರೀಖಿಗೆ, ಅಂದರೆ ನಾಳೆ, ಗಾಳಿ ಬೀಸಿದ ಮರುದಿನ.

ಉರಿಯ ಅಪರಾಧಕ್ಕೆ ಶಿಕ್ಷೆ ತಣ್ಣಿಮನೆ. ಅಲ್ಲಿ ಒಂದು ವರ್ಷ ಬಿಸಿಯಾದದ್ದು ಯಾವುದೂ ಸಿಗುವುದಿಲ್ಲ, ಅನ್ನವಾಗಲಿ ನೀರಾಗಲಿ. ಆಯಿಗೆ ಎಂಬತ್ತರ ಮೇಲಾಗಿದೆ. ತಂಗುದಿನಗಳನ್ನೂ ಹಿಡಿದರೆ ತೊಂಬತ್ತರ ಮೇಲೆ. ಅಲ್ಲಿಂದ ಅವಳು ತಿರುಗಿ ಬರುವುದಿಲ್ಲ. ಅದು ನಮಗೆ ಗೊತ್ತು, ಅವಳಿಗೂ ಗೊತ್ತು, ಯಾರೂ ಆಡುವುದಿಲ್ಲ. ಹೀಗೆ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾಗಿವೆ. ಅಕ್ಕ ಗಾಳಿ ಬೀಸಲೆಂದು ಬೇಡುತ್ತಾಳೆ. ಕೂಸಿಗೆ ಎರೆಯಲು ನೀರು ಕಾಯಬೇಕು, ಅದಕ್ಕೆ ಎರಡು ದಿನದಿಂದ ಕೆಮ್ಮು. ನಾನು ಗಾಳಿ ಬೀಸದಿರಲಿ ಎಂದು ಬೇಡುತ್ತೇನೆ. ಒಂದೇ ದೇವರ ಮುಂದೆ ಕೂತು ಬೇಡುತ್ತೇವೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಆದ್ದರಿಂದ ಪೂಜ್ಯರೇ, ಒಂದು ಬೇಡಿಕೆ. ಗ್ಯಾಸ್ ಇರಲಿ ಅನ್ನುವವರು ಬಂದರೂ, ಗ್ಯಾಸ್ ಹೋಗಲಿ ಅನ್ನುವವರು ಬಂದರೂ, ಮಾತು ಶುರುಮಾಡುವ ಮೊದಲು ಅವರನ್ನು ಒಂದೇ ಪ್ರಶ್ನೆ ಕೇಳಿ: ಗಾಳಿ ನಿಂತ ದಿನ, ಮೋಡ ಮುಚ್ಚಿದ ದಿನ, ಹಸಿ ಬಾಣಂತಿಗೆ ನೀರು ಕಾಯಿಸುವುದು ಹೇಗೆ? ಗ್ಯಾಸ್ ತೀರಿದ ದಿನ ಹೇಗೆ? ಉತ್ತರ ಇಲ್ಲದವರನ್ನು ಊಟ ಹಾಕದೆ ಎಬ್ಬಿಸಿ ಕಳಿಸಿ. ಉತ್ತರ ಇದ್ದವರಿಗೆ ಮಾತಾಡಲು ಬಿಡಬೇಡಿ, ಕಟ್ಟಲು ಹಚ್ಚಿ. ನಿಮಗೆ ಇನ್ನೂ ಕಾಲವಿದೆ. ನಿಮ್ಮ ತಾರೀಖು ತಾನಾಗಿಯೇ ನಡೆಯುತ್ತದೆ.

ಇನ್ನೂ ಬೈಯುವುದು ಬಹಳ ಇತ್ತು. ಆದರೆ ಈಗಷ್ಟೇ ಹಗ್ಗದ ಮೇಲಿನ ಕೂಸಿನ ಬಟ್ಟೆ ಅಲುಗಿತು. ನೋಡಿಯೂ ನೋಡದವನಂತೆ ಎರಡು ಸಾಲು ಬರೆದೆ. ಮತ್ತೆ ಅಲುಗಿತು. ಓಣಿಯ ತುದಿಯಿಂದ "ಬಂತೂ, ಬಂತೂ" ಎಂಬ ಕೂಗು ಮನೆಯಿಂದ ಮನೆಗೆ ಬರುತ್ತಿದೆ. ಗುಡ್ಡದ ಮೇಲೆ ಒಂದು ಯಂತ್ರ ರೆಕ್ಕೆ ಎತ್ತಿದೆ, ಪಕ್ಕದ್ದೂ ಎತ್ತಿದೆ. ಕಾಯಿಗಲ್ಲಿನ ದೀಪ ಹೊತ್ತಿತು. ನಾನು ಕೂತಲ್ಲೇ ಕೂತಿದ್ದೇನೆ. ಆಯಿ ಬಾಗಿಲಲ್ಲಿ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಾಳೆ.

"ಏನ್ ಬರಕೋತ ಕುಂತೀಯೋ ಅಡಿವ್ಯಾ? ಗಾಳಿ ಮತ್ತ ಬೀಳೂದರಾಗ ಹಂಡೇಕ ನೀರು ತುಂಬು. ಇವತ್ತ ಕೂಸಿಗೆ ನಾನಾ ಎರೀತೇನಿ."

ನೀರು ತುಂಬಲು ಹೋಗುತ್ತಿದ್ದೇನೆ.

ನಿಮ್ಮವನೇ ಆಗಬೇಕಾದ,
ಅಡಿವೆಪ್ಪ